ಮೀಡಿಯಾದಲ್ಲಿ ಮೊದಲ ಕೆಲಸ: 40 ಅರ್ಜಿ ಹಾಕಿದರೂ ಉತ್ತರವಿಲ್ಲ, ಎಲ್ಲಿ ತಪ್ಪುತ್ತಿದೆ?

ಹೊಸಬ24:

ಎಲ್ಲರಿಗೂ ನಮಸ್ಕಾರ. ಓದಿದ್ದು ಬಿ.ಕಾಂ. ಪತ್ರಿಕೋದ್ಯಮದ ಡಿಗ್ರಿಯಾಗಲಿ ಫಿಲ್ಮ್ ಕೋರ್ಸ್ ಆಗಲಿ ಇಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಎಡಿಟಿಂಗ್ ಕಲಿತಿದ್ದೇನೆ, ಶೂಟ್ ಮಾಡೋದು ಫೋನಲ್ಲೇ. ಬರವಣಿಗೆಯೂ ತಕ್ಕಮಟ್ಟಿಗೆ ಬರುತ್ತೆ. ಮೂರು ತಿಂಗಳಿಂದ ಟಿವಿ ಚಾನೆಲ್, ಪ್ರೊಡಕ್ಷನ್ ಹೌಸ್, ಸುದ್ದಿ ವೆಬ್‌ಸೈಟ್ ಅಂತ 40 ಕಡೆ ರೆಸ್ಯೂಮೆ ಕಳಿಸಿದೆ. ಒಂದರಿಂದಲೂ ಉತ್ತರ ಬಂದಿಲ್ಲ.

ಮೇಲ್‌ನಲ್ಲಿ ಬರೆಯೋದು ಇಷ್ಟು: "ಮಾಧ್ಯಮ ಕ್ಷೇತ್ರದಲ್ಲಿ ನನಗೆ ಅಪಾರ ಆಸಕ್ತಿಯಿದೆ. ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ." ಜೊತೆಗೆ 4 ನಿಮಿಷದ ಶೋರೀಲ್ (ಮಾಡಿದ ಕೆಲಸದ ತುಣುಕುಗಳ ವಿಡಿಯೊ) ಲಿಂಕ್.

ಗೊತ್ತಿರೋರು ಹೇಳಿ: ಡಿಗ್ರಿ ಇಲ್ಲದೆ ಆಗುತ್ತಾ? ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು? ಶೋರೀಲ್‌ನಲ್ಲಿ ಏನಿರಬೇಕು? ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಿಕೊಳ್ಳಬಹುದಾ?

---

ಕತ್ತರಿಮೇಜು:

ಮೊದಲು ಆ "ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ" ಅನ್ನೋ ಸಾಲು ತೆಗೀರಿ. ನಿಮಗೆ ಅದು ವಿನಯ ಅನ್ನಿಸಬಹುದು, ಓದುವವರಿಗೆ ತಲೆನೋವು. ಅವರ ಹತ್ತಿರ ಖಾಲಿ ಇರೋದು ಒಂದು ಕುರ್ಚಿ: ರಾತ್ರಿ ಪಾಳಿಯಲ್ಲಿ ಇಂಜೆಸ್ಟ್ (ಕ್ಯಾಮೆರಾ ಕಾರ್ಡಿನ ಫೂಟೇಜನ್ನ ಸಿಸ್ಟಮ್‌ಗೆ ಇಳಿಸೋ ಕೆಲಸ) ನೋಡಿಕೊಳ್ಳೋರು, ಇಲ್ಲಾ ಸಬ್‌ಟೈಟಲ್ ತಿದ್ದೋರು, ಇಲ್ಲಾ ಡೆಸ್ಕಿಗೆ ಕಾಪಿ (ಸುದ್ದಿ ಬರಹ) ಬರೆಯೋರು. ನೀವು ಯಾವ ಕುರ್ಚಿಗೆ ಹೊಂದುತ್ತೀರಿ ಅಂತ ಅವರೇ ಕೂತು ಯೋಚಿಸಬೇಕು ಅಂದರೆ ಮೇಲ್ ಮುಚ್ಚಿ ಮುಂದಿನದಕ್ಕೆ ಹೋಗ್ತಾರೆ.

ಎಡಿಟಿಂಗ್ ಕಡೆ ಬರೋದಾದರೆ ಒಳಗೆ ಬರುವ ಬಾಗಿಲು "ಎಡಿಟರ್" ಅಲ್ಲ, "ಅಸಿಸ್ಟೆಂಟ್ ಎಡಿಟರ್" ಅಥವಾ "ಇಂಜೆಸ್ಟ್". ಅಲ್ಲಿ ನಿಮ್ಮ ಕಟ್ ಎಷ್ಟು ಚಂದ ಅಂತ ಯಾರೂ ಕೇಳಲ್ಲ. ಕಾರ್ಡಿನಲ್ಲಿದ್ದ ಫೂಟೇಜ್ ಒಂದೂ ಕಳೆಯದೆ ಎಡಿಟರ್ ಟೈಮ್‌ಲೈನ್‌ಗೆ ಬರುತ್ತಾ, ಅಲ್ಲಿಂದ ಸೌಂಡ್‌ಗೂ ಕಲರ್‌ಗೂ ಸರಿಯಾಗಿ ಹೋಗುತ್ತಾ ಅನ್ನೋದೊಂದೇ ಪ್ರಶ್ನೆ. ಇದನ್ನ ಮನೆಯಲ್ಲೇ ಕಲೀಬಹುದು, ಆದರೆ ಕಲಿಯೋರು ಕಡಿಮೆ. ಎಲ್ಲರಿಗೂ ಟ್ರಾನ್ಸಿಷನ್ ಕಲಿಯೋ ಆತುರ.

ಕಾಪಿ ಮಾಡೋದರಿಂದ ಶುರು ಮಾಡಿ. ಕಾರ್ಡ್ ಕೈಗೆ ಬಂದಾಗ ಲಾಕ್ ಸ್ವಿಚ್ ಇದ್ದರೆ ಹಾಕಿ. ವಿಡಿಯೊ ಫೈಲ್‌ಗಳನ್ನ ಮಾತ್ರ ಆರಿಸಿ ಎಳೆಯಬೇಡಿ, ಕಾರ್ಡಿನಲ್ಲಿರೋ ಫೋಲ್ಡರ್ ಇದ್ದ ಹಾಗೇ ಪೂರ್ತಿ ಬರಬೇಕು. ಉದ್ದದ ಶಾಟ್‌ಗಳನ್ನ ಹಲವು ಕ್ಯಾಮೆರಾಗಳು ತುಂಡು ತುಂಡು ಮಾಡಿ ಬರೆಯುತ್ತವೆ. ಆ ತುಂಡುಗಳನ್ನ ಜೋಡಿಸೋ ಮಾಹಿತಿ ಪಕ್ಕದ ಸಣ್ಣ ಫೈಲ್‌ಗಳಲ್ಲಿ ಇರುತ್ತೆ, ಅವು ತಪ್ಪಿಹೋದರೆ ಕ್ಲಿಪ್ ಅರ್ಧಕ್ಕೇ ಕಟ್ ಆಗಿ ಕಾಣುತ್ತೆ. ಸುಮ್ಮನೆ ಎಳೆದು ಬಿಟ್ಟರೆ ಕಾಪಿ ಸರಿಯಾಯ್ತಾ ಅಂತ ಕಂಪ್ಯೂಟರ್ ತಾಳೆ ನೋಡಲ್ಲ. ಎಂಡಿ5 ಅಥವಾ ಎಕ್ಸ್‌ಎಕ್ಸ್‌ಹ್ಯಾಶ್ ಚೆಕ್‌ಸಮ್ (ಮೂಲವೂ ಪ್ರತಿಯೂ ಒಂದೇನಾ ಅಂತ ತಾಳೆ ನೋಡೋ ಸಂಕೇತ) ಹಾಕೋ ಸಾಫ್ಟ್‌ವೇರ್‌ನಲ್ಲೇ ಮಾಡಿ, ಒಂದೇ ಸಲಕ್ಕೆ ಎರಡು ಡ್ರೈವ್‌ಗೆ. 3-2-1 ಅಂತಾರಲ್ಲ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಆಮೇಲೆ ಕೆಲವು ಕ್ಲಿಪ್ ತೆರೆದು ಮೊದಲು, ನಡುವೆ, ಕೊನೆ ನೋಡಿ. ಇಷ್ಟಾದ ಮೇಲೇ ಕಾರ್ಡ್ ಖಾಲಿ ಮಾಡಬಹುದು ಅನ್ನಬೇಕು. ಫಾರ್ಮ್ಯಾಟ್ ಮಾಡೋದು ಕ್ಯಾಮೆರಾದಲ್ಲಿ, ಕಂಪ್ಯೂಟರ್‌ನಲ್ಲಿ ಅಲ್ಲ.

ಎರಡನೇದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು. ಹೊಸಬರು ಹೆಚ್ಚು ಮುಗ್ಗರಿಸೋದು ಇಲ್ಲೇ. 23.976 ಮತ್ತು 24 ಒಂದೇ ಅಂದುಕೊಂಡು ಬೆರೆಸಿದರೆ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರುತ್ತೆ. ಐದು ನಿಮಿಷದ ವಿಡಿಯೊದಲ್ಲಿ ಗೊತ್ತೇ ಆಗಲ್ಲ, ಉದ್ದದ ಸಂದರ್ಶನದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಮಾಡಿದ ಮೇಲೆ ಅದರ ಫ್ರೇಮ್ ರೇಟ್ ಬದಲಾಯಿಸೋದು ಕಷ್ಟ, ಹಾಗಾಗಿ ಪ್ರಾಜೆಕ್ಟ್ ತೆರೆದ ತಕ್ಷಣ ಮೊದಲು ನೋಡಬೇಕಾದ್ದು ಅದೇ. ನೀವು ಫೋನಲ್ಲಿ ಶೂಟ್ ಮಾಡ್ತೀನಿ ಅಂದ್ರಿ. ಫೋನ್‌ಗಳು ಸಾಮಾನ್ಯವಾಗಿ ಸ್ಥಿರ ಫ್ರೇಮ್ ರೇಟ್‌ನಲ್ಲಿ ಬರೆಯಲ್ಲ, ಬೆಳಕು ಕಡಿಮೆಯಾದರೆ ತಾವೇ ಇಳಿಸಿಕೊಳ್ಳುತ್ತವೆ. ಎಡಿಟ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಪರಿವರ್ತಿಸಿಕೊಳ್ಳಿ.

ಪ್ರಾಕ್ಸಿ (ಎಡಿಟ್ ಹಗುರಾಗಲಿ ಅಂತ ಮಾಡೋ ಚಿಕ್ಕ ಪ್ರತಿ) ಮಾಡುವಾಗ ರೆಸಲ್ಯೂಷನ್ ಇಳಿಸಬಹುದು. ಆದರೆ ಫೈಲ್ ಹೆಸರು, ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಇರೋ ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್ ಗುರುತು), ಫ್ರೇಮ್ ರೇಟ್, ಆಡಿಯೊ ಚಾನೆಲ್‌ಗಳ ಸಂಖ್ಯೆ, ಈ ನಾಲ್ಕೂ ಮೂಲದಂತೆಯೇ ಇರಬೇಕು. ಒಂದು ತಪ್ಪಿದರೂ ಕೊನೆಗೆ ಮೂಲ ಫೈಲ್‌ಗೆ ಮತ್ತೆ ಜೋಡಿಸುವಾಗ ಕೈ ಕೊಡುತ್ತೆ. ಅದು ಗೊತ್ತಾಗೋದು ಡೆಡ್‌ಲೈನ್ ಹಿಂದಿನ ರಾತ್ರಿ, ಯಾವಾಗಲೂ.

ಪಿಕ್ಚರ್ ಲಾಕ್ (ಕಟ್ ಇನ್ನು ಬದಲಾಗಲ್ಲ ಅನ್ನೋ ತೀರ್ಮಾನ) ಆದ ಮೇಲೆ ಸೌಂಡ್‌ಗೆ ಕಳಿಸೋದು ಬೇರೆ ಕೆಲಸ. ಕಾರ್ಯಕ್ರಮ 01:00:00:00ಕ್ಕೆ ಶುರುವಾಗಬೇಕು. ಅದಕ್ಕಿಂತ ಎರಡು ಸೆಕೆಂಡ್ ಮೊದಲು, 00:59:58:00ರಲ್ಲಿ, ಒಂದೇ ಒಂದು ಫ್ರೇಮ್ ಉದ್ದದ 1 ಕಿಲೋಹರ್ಟ್ಸ್ ಟೋನ್. ಇದಕ್ಕೆ ಟೂ-ಪಾಪ್ ಅಂತಾರೆ. ಸೌಂಡ್ ಕಡೆಯವರು ಮಿಕ್ಸ್ ಮುಗಿಸಿ ವಾಪಸ್ ಕಳಿಸಿದಾಗ ಆ ಟೋನ್ ಚಿತ್ರದಲ್ಲಿ ಅದೇ ಟೈಮ್‌ಕೋಡ್‌ನ ಫ್ರೇಮ್‌ಗೆ ಸರಿಯಾಗಿ ಕೂತರೆ ಸಿಂಕ್ (ಚಿತ್ರಕ್ಕೂ ಶಬ್ದಕ್ಕೂ ಇರೋ ತಾಳ) ಸರಿ ಅಂತ ಅರ್ಥ. ಜೊತೆಗೆ ಎಎಎಫ್ ಫೈಲ್ (ಟೈಮ್‌ಲೈನನ್ನ ಬೇರೆ ಸಾಫ್ಟ್‌ವೇರ್‌ಗೆ ಒಯ್ಯೋ ಫೈಲ್), ಪ್ರತಿ ಆಡಿಯೊ ಕ್ಲಿಪ್‌ನ ಎರಡು ತುದಿಗೂ ಕೆಲವು ಸೆಕೆಂಡ್ ಹ್ಯಾಂಡಲ್ (ಕಟ್‌ನ ಆಚೆಗೂ ಉಳಿಸಿದ ಆಡಿಯೊ), ಟೈಮ್‌ಕೋಡ್ ಅಚ್ಚಾದ ರೆಫರೆನ್ಸ್ ವಿಡಿಯೊ. ಹ್ಯಾಂಡಲ್ ಇಲ್ಲದಿದ್ದರೆ ಅವರಿಗೆ ಎರಡು ಮಾತಿನ ನಡುವೆ ಮೆತ್ತಗೆ ಕ್ರಾಸ್‌ಫೇಡ್ ಕೊಡೋಕೂ ಜಾಗ ಇರಲ್ಲ.

ಹಾಗಾಗಿ ನಿಮ್ಮ ಸ್ಯಾಂಪಲ್ ಶೋರೀಲ್ ಅಲ್ಲ, ಒಂದು ಪ್ರಾಜೆಕ್ಟ್ ಫೋಲ್ಡರ್. ಎರಡು ಫೋನ್, ಬೇರೆ ಆಡಿಯೊ ರೆಕಾರ್ಡರ್ ಇಟ್ಟು ಯಾರನ್ನಾದರೂ 20 ನಿಮಿಷ ಮಾತಾಡಿಸಿ. ಕಾಪಿ ಮಾಡಿದ ಚೆಕ್‌ಸಮ್ ವರದಿ, ಸಿಂಕ್ ಆದ ಕ್ಲಿಪ್‌ಗಳು, ಲಾಗ್ ಶೀಟ್, 3 ನಿಮಿಷದ ಕಟ್, ಸೌಂಡ್‌ಗೆ ಕಳಿಸೋ ಪ್ಯಾಕೇಜ್, ಎಲ್ಲ ಒಂದೇ ಕಡೆ ಇಡಿ. ಅದರ ಫೋಲ್ಡರ್ ರಚನೆಯ ಒಂದು ಸ್ಕ್ರೀನ್‌ಶಾಟ್ ಮೇಲ್‌ಗೆ ಅಂಟಿಸಿ. ಪೋಸ್ಟ್ ಪ್ರೊಡಕ್ಷನ್ ನೋಡಿಕೊಳ್ಳೋರಿಗೆ ಆ ಒಂದು ಚಿತ್ರ ಸಾಕು. ಒಳಗೆ "ಫೈನಲ್_ಫೈನಲ್_ಹೊಸದು2" ಅನ್ನೋ ಫೈಲ್ ಕಂಡರೂ ಸಾಕು, ಅದು ಇನ್ನೊಂದು ರೀತಿ.

---

ಸುದ್ದಿಡೆಸ್ಕ್:

ಬರವಣಿಗೆ ಕಡೆಯ ಮಾತು ನಾನು ಹೇಳುತ್ತೇನೆ. ಡಿಗ್ರಿ ಕಡ್ಡಾಯ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅಲ್ಲಿ ತಡೆ ಇದ್ದೇ ಇದೆ, ಸುಮ್ಮನೆ ಸಮಾಧಾನ ಹೇಳುವುದಿಲ್ಲ. ಉಳಿದ ಕಡೆ ತೀರ್ಮಾನ ಆಗುವುದು ಟೆಸ್ಟ್‌ನಲ್ಲಿ. ಟೆಸ್ಟ್ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ: ಸುದ್ದಿ ಏಜೆನ್ಸಿಯ ಉದ್ದನೆಯ ಇಂಗ್ಲಿಷ್ ಕಾಪಿ ಕೊಟ್ಟು ಅದನ್ನು ಕನ್ನಡದಲ್ಲಿ ಚಿಕ್ಕದು ಮಾಡಿ ಎನ್ನುತ್ತಾರೆ, ಎರಡು ಮೂರು ಹೆಡ್‌ಲೈನ್ ಕೇಳುತ್ತಾರೆ, ಟಿವಿಯಾದರೆ 30 ಸೆಕೆಂಡಿನ ಆಂಕರ್ ಲೀಡ್ (ವರದಿಗೆ ಮೊದಲು ಆಂಕರ್ ಓದುವ ಪೀಠಿಕೆ) ಬರೆಸುತ್ತಾರೆ.

ಹೆಚ್ಚಿನವರು ಸೋಲುವುದು ಭಾಷೆಯಲ್ಲಲ್ಲ, ಅಂಕಿಯಲ್ಲಿ. ಒಂದು ಮಿಲಿಯನ್ ಅಂದರೆ 10 ಲಕ್ಷ, ಒಂದು ಬಿಲಿಯನ್ ಅಂದರೆ 100 ಕೋಟಿ, ಒಂದು ಟ್ರಿಲಿಯನ್ ಅಂದರೆ 1 ಲಕ್ಷ ಕೋಟಿ. ಇದು ನಿದ್ದೆಯಲ್ಲೂ ಬರಬೇಕು. ಬಡ್ಡಿ ದರ ಶೇ 4ರಿಂದ ಶೇ 5ಕ್ಕೆ ಏರಿದರೆ ಅದು ಶೇ 1ರ ಏರಿಕೆ ಅಲ್ಲ, ಒಂದು ಶೇಕಡಾ ಅಂಶದ ಏರಿಕೆ. ಶೇಕಡಾವಾರು ಲೆಕ್ಕ ಹಾಕಿದರೆ ಶೇ 25. ಟೆಸ್ಟ್ ತಯಾರಿಸುವವರು ಇಂಥ ಒಂದು ಅಂಕಿಯನ್ನು ಬೇಕೆಂದೇ ಕಾಪಿಯಲ್ಲಿ ಇಟ್ಟಿರುತ್ತಾರೆ. ಬಿ.ಕಾಂ. ಓದಿದವರು ಇಲ್ಲಿ ಎಡವಬಾರದು. ನಿಜ ಹೇಳಬೇಕೆಂದರೆ ವಾಣಿಜ್ಯ ಸುದ್ದಿಯ ಡೆಸ್ಕ್‌ಗೆ ನೀವು ಅರ್ಜಿ ಹಾಕದೇ ಇರುವುದೇ ಆಶ್ಚರ್ಯ. ಬ್ಯಾಲೆನ್ಸ್ ಶೀಟ್ ಓದಲು ಬರುವ ಕಾಪಿ ಬರೆಯುವವರು ಸುಲಭಕ್ಕೆ ಸಿಗುವುದಿಲ್ಲ.

ಅನುವಾದದಲ್ಲಿ ಆಗುವ ಇನ್ನೊಂದು ಅಪಾಯ: ಯಾರು ಹೇಳಿದರು ಎಂಬುದು ಮಾಯವಾಗುವುದು. ನಮ್ಮ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. "ಎಂದು ಪೊಲೀಸರು ಆರೋಪಿಸಿದ್ದಾರೆ" ಎಂಬುದು ಉದ್ದನೆಯ ವಾಕ್ಯದ ತುದಿಯಲ್ಲಿ ನೇತಾಡುತ್ತಿರುತ್ತದೆ, ಸಾಲು ಚಿಕ್ಕದು ಮಾಡುವ ಭರದಲ್ಲಿ ಮೊದಲು ಉದುರುವುದೂ ಅದೇ. ಆರೋಪ ಹೋಗಿ ಸಂಗತಿ ಆಗಿಬಿಡುತ್ತದೆ, ಅದು ಮಾನನಷ್ಟದ ದಾರಿ. ಆರೋಪವಿರುವ ಸುದ್ದಿಯಲ್ಲಿ ಹೇಳಿದವರನ್ನು ಸಾಲಿನ ಮೊದಲಿಗೇ ತನ್ನಿ: "ಪೊಲೀಸರ ಪ್ರಕಾರ..."

ಆಂಕರ್ ಲೀಡ್‌ಗೆ ಪದ ಎಣಿಸಬೇಡಿ. ಸೆಕೆಂಡಿಗೆ ಮೂರು ಪದ ಎಂಬ ಲೆಕ್ಕ ಇಂಗ್ಲಿಷ್‌ನದು. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಸೇರಿ ಒಂದೊಂದು ಪದ ಮಾರುದ್ದ. ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ. ಓದುವಾಗ ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಿರಿ. ಆಂಕರ್ ಲೀಡ್‌ನಲ್ಲಿ ಹೇಳಿದ್ದನ್ನೇ ಪ್ಯಾಕೇಜ್‌ನ (ಅದರ ನಂತರ ಬರುವ ವಿಡಿಯೊ ವರದಿಯ) ಮೊದಲ ಸಾಲಿನಲ್ಲಿ ಮತ್ತೆ ಹೇಳುವುದು ಹೊಸಬರ ಹಸ್ತಾಕ್ಷರ ಇದ್ದ ಹಾಗೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಡೆಸ್ಕ್‌ಗೆ ಕಳಿಸುವ ಮಾದರಿಗಳು ಐದಾರು ಸಾಕು, ಆದರೆ ಬೇರೆ ಬೇರೆ ಥರದವು ಇರಲಿ: ಒಂದು ಚಿಕ್ಕ ಸುದ್ದಿ, ಸರ್ಕಾರಿ ಪ್ರಕಟಣೆಯನ್ನು ಜನರ ಭಾಷೆಗೆ ತಂದ ಒಂದು ಬರಹ, ಅಂಕಿಗಳಿರುವ ಒಂದು, ಒಂದು ಟಿವಿ ಸ್ಕ್ರಿಪ್ಟ್. ಕವಿತೆ, ಪ್ರಬಂಧ ಬೇಡ. ಎಷ್ಟು ಚೆನ್ನಾಗಿದ್ದರೂ ಬೇಡ.

---

ಮೈಕ್‌ಹಿಂದೆ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಕತ್ತರಿಮೇಜು ಅವರು ಸಬ್‌ಟೈಟಲ್ ಕೆಲಸವನ್ನ ಹಾಗೇ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋದರು. ಈಗ ಮೊದಲ ಪ್ರತಿ ಮಾಡೋದು ಹೆಚ್ಚಾಗಿ ಯಂತ್ರ. ಮನುಷ್ಯರಿಗೆ ಸಿಗೋದು ಅದನ್ನ ತಿದ್ದೋ ಕೆಲಸ, ನಿಮಿಷದ ಲೆಕ್ಕದಲ್ಲಿ ಹಣ. ಇಬ್ಬರು ಒಟ್ಟಿಗೆ ಮಾತಾಡಿದ, ಹಿಂದೆ ಗದ್ದಲ ಇರೋ ಆಡಿಯೊ ಬಂದರೆ ಒಂದು ನಿಮಿಷ ತಿದ್ದೋಕೆ ಎಷ್ಟು ಹೊತ್ತು ಹೋಗುತ್ತೆ ಅಂತ ಹೇಳಕ್ಕಾಗಲ್ಲ. ದರ ಒಪ್ಪೋ ಮೊದಲು 5 ನಿಮಿಷದ ಸ್ಯಾಂಪಲ್ ಕೇಳಿ, ಗಡಿಯಾರ ನೋಡಿಕೊಂಡು ತಿದ್ದಿ, ಆಮೇಲೆ ಮಾತಾಡಿ.

ಮಾಡೋದಾದರೆ ನಿಯಮ ಗೊತ್ತಿರಲಿ. ಎರಡು ಸಾಲು ಮೀರಬಾರದು. 7 ಸೆಕೆಂಡ್‌ಗಿಂತ ಹೆಚ್ಚು ಪರದೆ ಮೇಲೆ ನಿಲ್ಲಬಾರದು, ಒಂದು ಸೆಕೆಂಡ್‌ಗಿಂತ ತೀರಾ ಕಡಿಮೆಯೂ ಆಗಬಾರದು. ಶಾಟ್ ಬದಲಾದ ಮೇಲೂ ಹಳೆ ಸಾಲು ಒಂದೆರಡು ಫ್ರೇಮ್ ಉಳಿದರೆ ಕಣ್ಣಿಗೆ ಮಿಂಚಿದ ಹಾಗಾಗುತ್ತೆ, ಕಟ್‌ಗೇ ಮುಗಿಸಿ. ಎಸ್‌ಆರ್‌ಟಿ ಅನ್ನೋ ಸಬ್‌ಟೈಟಲ್ ಫೈಲ್‌ನಲ್ಲಿ ಸೆಕೆಂಡ್ ಮತ್ತು ಮಿಲಿಸೆಕೆಂಡ್ ನಡುವೆ ಅಲ್ಪವಿರಾಮ ಬರಬೇಕು, ಚುಕ್ಕೆ ಹಾಕಿದರೆ ಎಷ್ಟೋ ಸಾಫ್ಟ್‌ವೇರ್ ಫೈಲ್ ತೆಗೆದುಕೊಳ್ಳಲ್ಲ. ಸೇವ್ ಮಾಡೋದು ಯುಟಿಎಫ್-8 ಅನ್ನೋ ಎನ್‌ಕೋಡಿಂಗ್‌ನಲ್ಲಿ. ಎಎನ್‌ಎಸ್‌ಐ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗಿಹೋಗುತ್ತೆ, ವಾಪಸ್ ಬರಲ್ಲ.

ಶೋರೀಲ್ ಬಗ್ಗೆ: 4 ನಿಮಿಷ ಯಾರೂ ನೋಡಲ್ಲ. 60ರಿಂದ 90 ಸೆಕೆಂಡ್. ಅತ್ಯುತ್ತಮ ಶಾಟ್ ಮೊದಲ 10 ಸೆಕೆಂಡ್‌ನಲ್ಲಿ. ಹೆಸರು, ಯಾವ ಕೆಲಸ, ಫೋನ್ ನಂಬರ್ ಮೊದಲೂ ಕೊನೆಗೂ. ತಂಡದಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಅಂತ ಮೂಲೆಯಲ್ಲಿ ಬರೀರಿ, ಇಲ್ಲದಿದ್ದರೆ ಎಲ್ಲವನ್ನೂ ನಿಮ್ಮದು ಅಂತ ಹೇಳಿಕೊಂಡ ಹಾಗಾಗುತ್ತೆ. ಪೂರ್ತಿ ರೀಲ್‌ಗೆ ಒಂದೇ ಹಾಡು ಹಾಕಿ ಮಾತೆಲ್ಲ ಮುಚ್ಚಬೇಡಿ. ಎಡಿಟರ್‌ಗೆ ಮಾತು ಕಟ್ ಮಾಡಲು ಬರುತ್ತಾ ಅನ್ನೋದೇ ಗೊತ್ತಾಗಬೇಕಾದ್ದು, ಅದನ್ನೇ ಹಾಡು ನುಂಗಿಬಿಡುತ್ತೆ. ಕ್ಲೈಂಟ್ ಕೆಲಸ ಇನ್ನೂ ಪ್ರಸಾರ ಆಗಿಲ್ಲ ಅಂದರೆ ರೀಲ್‌ಗೆ ಹಾಕಲೇಬೇಡಿ.

ಸಂಗೀತಕ್ಕೆ ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಉಚಿತ ಬಳಕೆಗೆ ಬಿಡೋ ಪರವಾನಗಿ) ಅಂತ ಕಂಡ ಕೂಡಲೇ ಎತ್ತಿಕೊಳ್ಳೋರಿದ್ದಾರೆ. ಬಿವೈ ಅಂದರೆ ಹೆಸರು ಹಾಕಬೇಕು, ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಇಲ್ಲ. ಎನ್‌ಡಿ ಇದ್ದರೆ ಬದಲಾಯಿಸೋ ಹಾಗಿಲ್ಲ, ಮತ್ತು ವಿಡಿಯೊಗೆ ಹೊಂದಿಸಿ ಕೂರಿಸೋದೂ ಬದಲಾವಣೆ ಅಂತಲೇ ಲೆಕ್ಕ.

ಆಡಿಯೊ ಮಟ್ಟ: ಪ್ರಸಾರಕ್ಕೆ ಇಬಿಯು ಆರ್128 (ಯುರೋಪಿನ ಪ್ರಸಾರಕರ ಒಕ್ಕೂಟದ ಮಾನದಂಡ) ಅನುಸರಿಸೋ ಕಡೆ ಸರಾಸರಿ ಜೋರು -23 ಎಲ್‌ಯುಎಫ್‌ಎಸ್, ಟ್ರೂ ಪೀಕ್ (ಅತಿ ಜೋರಾದ ಕ್ಷಣದ ಮಟ್ಟ) -1 ಡಿಬಿಟಿಪಿ ಮೀರಬಾರದು. ಅಮೆರಿಕದ ಪ್ರಸಾರದಲ್ಲಿ -24. ವೆಬ್‌ಗೆ ಇದಕ್ಕಿಂತ ಜೋರು. ಮೀಟರ್ ರಿಸಾಲ್ವ್‌ನ ಫೇರ್‌ಲೈಟ್ ಪುಟದಲ್ಲೇ ಇದೆ. ಸಂದರ್ಶನದಲ್ಲಿ "ಎಷ್ಟಕ್ಕೆ ಮಿಕ್ಸ್ ಮಾಡ್ತೀರಿ" ಅಂತ ಕೇಳಿದಾಗ "ಎಲ್ಲಿಗೆ ಹೋಗುತ್ತೆ ಇದು?" ಅಂತ ವಾಪಸ್ ಕೇಳೋರು ಬೇಕು ಅವರಿಗೆ.

---

ಹೊಸಬ24:

ತುಂಬಾ ಉಪಕಾರ ಆಯ್ತು. ಅಸಿಸ್ಟೆಂಟ್ ಎಡಿಟರ್ ಕಡೆಗೇ ಗಮನ ಕೊಡ್ತೀನಿ. ಹೊಸ ಮೇಲ್ ಹೀಗಿದ್ರೆ ಆಗುತ್ತಾ?

"ವಿಷಯ: ಅಸಿಸ್ಟೆಂಟ್ ಎಡಿಟರ್ ಹುದ್ದೆಗೆ ಅರ್ಜಿ. ಮಾನ್ಯರೇ, ಚಿಕ್ಕಂದಿನಿಂದಲೂ ದೃಶ್ಯ ಮಾಧ್ಯಮ ನನ್ನನ್ನು ಸೆಳೆದಿದೆ. ತಮ್ಮ ಸಂಸ್ಥೆ ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದು..."

ಇಂಟರ್ನ್‌ಶಿಪ್ ಬಗ್ಗೆಯೂ ಯಾರಾದರೂ ಹೇಳಿ.

---

ಕತ್ತರಿಮೇಜು:

ವಿಷಯದ ಸಾಲು ಪರವಾಗಿಲ್ಲ, ಯಾವತ್ತಿನಿಂದ ಬರಬಹುದು, ರಾತ್ರಿ ಪಾಳಿ ಆಗುತ್ತಾ ಅನ್ನೋದನ್ನೂ ಅಲ್ಲೇ ಸೇರಿಸಿ. ಚಿಕ್ಕಂದಿನ ಕತೆ ಪೂರ್ತಿ ತೆಗೀರಿ. ಇಷ್ಟು ಸಾಕು:

"ವಿಷಯ: ಅಸಿಸ್ಟೆಂಟ್ ಎಡಿಟರ್, ತಕ್ಷಣ ಸೇರಬಹುದು, ರಾತ್ರಿ ಪಾಳಿಯೂ ಆಗುತ್ತದೆ. ಚೆಕ್‌ಸಮ್ ಸಹಿತ ಇಂಜೆಸ್ಟ್, ಮಲ್ಟಿಕ್ಯಾಮ್ ಸಿಂಕ್, ಪ್ರಾಕ್ಸಿ, ಸೌಂಡ್‌ಗೆ ಎಎಎಫ್ ಕಳಿಸುವ ಕೆಲಸ ಮಾಡಬಲ್ಲೆ. ರಿಸಾಲ್ವ್ ಬಳಸುತ್ತೇನೆ. 20 ನಿಮಿಷದ ಸಂದರ್ಶನವೊಂದನ್ನು ಕಾರ್ಡ್‌ನಿಂದ ಸೌಂಡ್ ಪ್ಯಾಕೇಜ್‌ವರೆಗೆ ಸಿದ್ಧಪಡಿಸಿದ ಪ್ರಾಜೆಕ್ಟ್ ಲಿಂಕ್ ಕೆಳಗಿದೆ. ಟೆಸ್ಟ್‌ಗೆ ಸಿದ್ಧ."

ನಿಮಗೆ ಬಾರದೇ ಇರೋದನ್ನ ಬರೀಬೇಡಿ. ಅವಿಡ್ ಮೀಡಿಯಾ ಕಂಪೋಸರ್ (ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್) ಅಂತ ರೆಸ್ಯೂಮೆಯಲ್ಲಿ ಹಾಕಿದರೆ ಮೊದಲ ಪ್ರಶ್ನೆಯೇ ಬಿನ್ (ಕ್ಲಿಪ್‌ಗಳನ್ನ ಇಡೋ ಫೋಲ್ಡರ್) ಲಾಕ್ ಬಗ್ಗೆ ಬರುತ್ತೆ. ಹಲವರು ಒಂದೇ ಪ್ರಾಜೆಕ್ಟ್ ತೆರೆದಾಗ ಒಬ್ಬರು ಬಿನ್ ಹಿಡಿದುಕೊಂಡರೆ ಉಳಿದವರಿಗೆ ಅದು ಓದೋಕೆ ಮಾತ್ರ. ಹಂಚಿದ ಸ್ಟೋರೇಜ್‌ನಲ್ಲಿ ಕೆಲಸ ಮಾಡದವರಿಗೆ ಇದು ಹೊಳೆಯಲ್ಲ, ಸುಳ್ಳು ಅಲ್ಲೇ ಬಯಲು.

ಲಿಂಕ್‌ಗಳನ್ನ ಬ್ರೌಸರ್‌ನ ಇನ್‌ಕಾಗ್ನಿಟೊ ವಿಂಡೊದಲ್ಲಿ ತೆರೆದು ನೋಡಿ. ನಿಮ್ಮ ಖಾತೆಯಲ್ಲಿ ನಿಮಗೆ ಸದಾ ತೆರೆದುಕೊಳ್ಳುತ್ತೆ, ಅವರಿಗೆ "ಅನುಮತಿ ಕೇಳಿ" ಅಂತ ಬರುತ್ತೆ. ಯಾರೂ ಕೇಳಲ್ಲ. ನಿಮ್ಮ 40ರಲ್ಲಿ ಎಷ್ಟು ಹೀಗೆ ಹೋಗಿವೆಯೋ, ಒಮ್ಮೆ ಪರೀಕ್ಷಿಸಿ. ಇನ್ನು ಸಂಸ್ಥೆಯ ಸಾಮಾನ್ಯ ವಿಳಾಸಕ್ಕೆ ಕಳಿಸೋದಕ್ಕಿಂತ, ಅವರ ಕಾರ್ಯಕ್ರಮದ ಕೊನೆಯಲ್ಲಿ ಓಡೋ ಹೆಸರುಗಳಲ್ಲಿ ಪೋಸ್ಟ್ ಪ್ರೊಡಕ್ಷನ್ ನೋಡಿಕೊಳ್ಳೋರು ಯಾರು ಅಂತ ನೋಡಿ ಅವರಿಗೇ ಬರೀರಿ. ಉತ್ತರ ಬರದಿದ್ದರೆ ವಾರ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ. ಮತ್ತೆ ಬರೆಯೋದು ಹೊಸ ಕೆಲಸ ತೋರಿಸೋಕೆ ಇದ್ದಾಗ ಮಾತ್ರ.

---

ಲೆಕ್ಕದಪುಸ್ತಕ:

ಇಂಟರ್ನ್‌ಶಿಪ್ ವಿಷಯ. ನಾಲ್ಕು ಸಂಗತಿ ಬರಹದಲ್ಲಿ ಬಂದರೆ ಯೋಚಿಸಿ: ಎಷ್ಟು ವಾರ, ದಿನಕ್ಕೆ ಎಷ್ಟು ಗಂಟೆ, ಯಾರ ಕೈಕೆಳಗೆ, ಕ್ರೆಡಿಟ್ ಇದೆಯೋ ಇಲ್ಲವೋ. ಬರೆದುಕೊಡಲ್ಲ ಅಂದರೆ ಬೇಡ. ಕೆಲಸ ಕೊಡಿಸೋಕೆ, ತರಬೇತಿಗೆ, ಐಡಿ ಕಾರ್ಡಿಗೆ ಅಂತ ನಿಮ್ಮಿಂದಲೇ ಹಣ ಕೇಳಿದರೆ ಅದು ಕೆಲಸವೇ ಅಲ್ಲ. ಟೆಸ್ಟ್ ಅಂದರೆ ಹಳೆಯ ಫೂಟೇಜ್, ಕೆಲವೇ ಗಂಟೆಯ ಕೆಲಸ. ನಾಳೆ ಹೊರಬರಬೇಕಾದ ವಿಡಿಯೊವನ್ನೇ "ಟೆಸ್ಟ್" ಅಂತ ಕೊಟ್ಟರೆ, ಟೈಮ್‌ಕೋಡ್ ಅಚ್ಚೊತ್ತಿದ ಕಡಿಮೆ ರೆಸಲ್ಯೂಷನ್ ಪ್ರತಿ ಮಾತ್ರ ಕಳಿಸಿ. ನಿಜವಾದ ಟೆಸ್ಟ್ ಆಗಿದ್ದರೆ ಅವರಿಗೆ ಅದು ಸಾಕಾಗುತ್ತೆ.

ಇನ್ನೊಂದು ಬಾಗಿಲು ಯಾರೂ ಹೇಳಲಿಲ್ಲ. ಬಿ.ಕಾಂ. ಇರೋರಿಗೆ ಪ್ರೊಡಕ್ಷನ್ ಅಕೌಂಟ್ಸ್ ವಿಭಾಗ ಇದೆ, ಡ್ರಾಮಾ, ಸಿನಿಮಾ, ಜಾಹೀರಾತು ಯಾವುದಕ್ಕೂ ಬೇಕು. ಶೂಟಿಂಗ್ ಶುರುವಾದ ಮೇಲೆ ದಿನಾ ಸಣ್ಣ ನಗದು ಕೈ ಬದಲಾಗುತ್ತೆ: ಆರ್ಟ್‌ನವರು ಬಣ್ಣ ತಂದಿದ್ದು, ವಾಹನದವರ ಇಂಧನ, ಬಾಡಿಗೆಗೆ ತಂದ ಲೆನ್ಸ್. ರಸೀದಿ ಹಿಡಿದು ವಿಭಾಗವಾರು ಬಜೆಟ್ ತಲೆಯಡಿ ಹಾಕೋದು, ಪರ್ಚೇಸ್ ಆರ್ಡರ್ ಇಲ್ಲದ ಬಿಲ್ ತಡೆಯೋದು, ವಾರಕ್ಕೊಮ್ಮೆ ಖರ್ಚಿನ ವರದಿ. ಆ ವರದಿಯಲ್ಲಿ ಮುಖ್ಯವಾದ ಕಾಲಂ ಈವರೆಗೆ ಖರ್ಚಾದದ್ದಲ್ಲ, ಮುಗಿಸೋಕೆ ಇನ್ನೆಷ್ಟು ಬೇಕು ಅನ್ನೋದು. ಆರ್ಡರ್ ಕೊಟ್ಟು ಬಿಲ್ ಇನ್ನೂ ಬಾರದ ಮೊತ್ತವನ್ನ ಹೊಸಬರು ಬಿಟ್ಟುಬಿಡ್ತಾರೆ, ಆಗ ಬಜೆಟ್‌ನಲ್ಲಿ ದುಡ್ಡು ಉಳಿದ ಹಾಗೆ ಕಾಣುತ್ತೆ, ನಿರ್ಮಾಪಕರು ಇನ್ನೊಂದು ದಿನದ ಶೂಟ್ ಒಪ್ಪಿಬಿಡ್ತಾರೆ.

ಈ ಕೆಲಸದಲ್ಲಿ ಎಲ್ಲ ವಿಭಾಗದವರೂ ದಿನಕ್ಕೊಮ್ಮೆ ನಿಮ್ಮ ಮೇಜಿಗೆ ಬರ್ತಾರೆ, ಎಡಿಟಿಂಗ್‌ನವರೂ ಸೇರಿ. ಆದರೆ ಇಲ್ಲಿಂದ ಎಡಿಟಿಂಗ್‌ಗೆ ದಾಟೋದು ಸುಲಭ ಅಂತ ಹೇಳಲ್ಲ. ಲೆಕ್ಕ ಚೆನ್ನಾಗಿ ಇಡೋರನ್ನ ಯಾರೂ ಬಿಟ್ಟುಕೊಡಲ್ಲ.

---

ಕತ್ತರಿಮೇಜು:

ಅದೂ ನಿಜ. ಎಡಿಟಿಂಗೇ ಬೇಕು ಅಂತಿದ್ದರೆ ನೇರ ಅಲ್ಲಿಗೇ ಬನ್ನಿ.

ಟೆಸ್ಟ್ ಸಿಕ್ಕರೆ ಒಂದು ಮಾತು: ಕೊಟ್ಟ ಸಮಯ 3 ಗಂಟೆ ಆದರೆ ಎರಡೂವರೆಗೆ ಕಟ್ ನಿಲ್ಲಿಸಿ. ಎಕ್ಸ್‌ಪೋರ್ಟ್ ಆದ ಫೈಲನ್ನೇ ಹೆಡ್‌ಫೋನ್ ಹಾಕಿ ಮೊದಲಿಂದ ಕೊನೆವರೆಗೂ ನೋಡಿ, ಟೈಮ್‌ಲೈನ್ ಅಲ್ಲ. ಒಂದು ಕಿವಿಯಲ್ಲಿ ಮಾತ್ರ ಬರೋ ಮಾತು, ಕಟ್‌ಗಳ ನಡುವೆ ಉಳಿದ ಒಂದು ಕಪ್ಪು ಫ್ರೇಮ್, ಪರದೆ ಮೇಲಿನ ಹೆಸರಿನ ಕಾಗುಣಿತ: ಈ ಮೂರೂ ಸಿಗೋದು ಅಲ್ಲೇ. ಫೈಲ್ ಹೆಸರು ಅವರು ಹೇಳಿದ ಹಾಗೇ ಇಟ್ಟು ಕಳಿಸಿ.